ಐ5 ಎಂದರೆ ಸಾಲದು, ತಲೆಮಾರು ಕೇಳಿ

ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುತ್ತಲೇ ಮನೆಯಲ್ಲಿ ಕಂಪ್ಯೂಟರಿನ ಬೇಡಿಕೆ ಶುರುವಾಗುತ್ತದೆ. ಹೊಸದರ ಬೆಲೆ ಕೇಳಿ ಬೆಚ್ಚಿದ ಹೆತ್ತವರು ಕಲ್ಲಡ್ಕದಿಂದ ಬಿ.ಸಿ. ರೋಡಿಗೋ ಮಂಗಳೂರಿಗೋ ಹೋಗಿ ಸೆಕೆಂಡ್ ಹ್ಯಾಂಡ್ ವಿಚಾರಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಂಗಡಿಯವರು "ಐ5 ಪ್ರೊಸೆಸರ್, ಒಳ್ಳೇ ಸ್ಪೀಡ್" ಎಂದೊಡನೆ ಹಣ ಎಣಿಸಬೇಡಿ. ಐ5 ಎಂಬುದು ಮನೆತನದ ಹೆಸರಿದ್ದಂತೆ. ಅಜ್ಜನಿಗೂ ಅದೇ, ಮೊಮ್ಮಗನಿಗೂ ಅದೇ.

ತಲೆಮಾರು ಏಕೆ ಮುಖ್ಯ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಸಿಕ್ಕಿದ್ದು ಸೀಮಿತ ಅವಧಿಯ ವಿಸ್ತರಣೆ ಮಾತ್ರ. ಇನ್ನು ಬೇಕಾಗುವುದು ವಿಂಡೋಸ್ 11. ಅದು ಎಲ್ಲ ಪ್ರೊಸೆಸರುಗಳನ್ನೂ ಒಪ್ಪುವುದಿಲ್ಲ. ನಮ್ಮೂರ ಕೆ.ಟಿ. ನೋಡಿದ್ದೀರಲ್ಲ? ಕೆಳಗಿನ ಹಾಲು ಹದವಾಗಿದ್ದರೆ ಮಾತ್ರ ಮೇಲೆ ಡಿಕಾಕ್ಷನ್ ಬೇರೆಯಾಗಿ ನಿಲ್ಲುತ್ತದೆ. ಇದೂ ಹಾಗೆಯೇ.

ತಲೆಮಾರು ತಿಳಿಯುವುದು ಸುಲಭ. ಯಂತ್ರವನ್ನು ಚಾಲೂ ಮಾಡಿಸಿ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ತೆರೆಯಿರಿ. ಅಲ್ಲಿ ಐ5-7500 ಎಂದಿದ್ದರೆ ಏಳನೆಯ ತಲೆಮಾರು, ಐ5-8400 ಎಂದಿದ್ದರೆ ಎಂಟನೆಯದು. ಐ5-10400ರಂತೆ ಐದು ಅಂಕಿಗಳಿದ್ದರೆ ಮೊದಲೆರಡನ್ನು ಓದಬೇಕು. ಇಂಟೆಲ್‌ನಲ್ಲಿ ಎಂಟು ಮತ್ತು ಅದರ ನಂತರದ ತಲೆಮಾರನ್ನೇ ಆರಿಸಿ. 7500 ಮತ್ತು 8400 ಎರಡೂ 2017ರಲ್ಲೇ ಮಾರುಕಟ್ಟೆಗೆ ಬಂದವು. ಒಂದು ಹೊರಗೆ, ಇನ್ನೊಂದು ಒಳಗೆ. ಆದ್ದರಿಂದ ಯಂತ್ರದ ವಯಸ್ಸು ಕೇಳಿದರೆ ಸಾಲದು. ಎಎಂಡಿಯ ರೈಜನ್‌ನಲ್ಲಿ 1600 ಪಟ್ಟಿಯಲ್ಲಿಲ್ಲ, 2600 ಇದೆ.

"ಪ್ರೊಸೆಸರ್ ಒಂದನ್ನೇ ಬದಲಿಸಿದರಾಯಿತು" ಎನ್ನುವವರೂ ಇದ್ದಾರೆ. 7500 ಮತ್ತು 8400 ಎರಡಕ್ಕೂ 1151 ಎಂಬ ಒಂದೇ ಹೆಸರಿನ ಸಾಕೆಟ್. ಗಾತ್ರವೂ ಒಂದೇ. ಆದರೆ 8400ಕ್ಕೆ ಎಚ್310, ಬಿ360ರಂಥ 300 ಸರಣಿಯ ಮದರ್‌ಬೋರ್ಡ್ ಬೇಕು. ಹಳೆಯ ಬೋರ್ಡಿನಲ್ಲಿ ಅದು ಕೂರುತ್ತದೆ, ಕೆಲಸ ಮಾಡುವುದಿಲ್ಲ. ಪ್ರೊಸೆಸರ್ ಮಾತ್ರ ಕೊಳ್ಳುವುದಾದರೆ ಮನೆಯಲ್ಲಿರುವ ಬೋರ್ಡಿನ ಹೆಸರನ್ನು ಬರೆದುಕೊಂಡೇ ಹೋಗಿ.

ಇನ್ನೊಂದು ಅಗತ್ಯ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಮೈಕ್ರೋಸಾಫ್ಟ್‌ನ ಉಚಿತ ತಂತ್ರಾಂಶ 'ಪಿಸಿ ಹೆಲ್ತ್ ಚೆಕ್' ಓಡಿಸಿದರೆ ಎಲ್ಲವೂ ಒಮ್ಮೆಗೇ ತಿಳಿಯುತ್ತದೆ. ಅಂಗಡಿಯಲ್ಲೇ, ನಿಮ್ಮೆದುರಿಗೇ ಓಡಿಸಲು ಹೇಳಿ.

"ಹೇಗಾದರೂ ಮಾಡಿ 11 ಹಾಕಿಕೊಡುತ್ತೇವೆ" ಎಂಬ ಮಾತಿಗೆ ಮರುಳಾಗಬೇಡಿ. ಅಡ್ಡದಾರಿಯಲ್ಲಿ ಹಾಕಲು ಸಾಧ್ಯ, ನಿಜ. ಆದರೆ ಅಂಥ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ಗಳು ಬಂದೇ ಬರುತ್ತವೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ.

ಈಗಾಗಲೇ ಏಳನೆಯ ತಲೆಮಾರಿನದನ್ನು ಕೊಂಡವರು ಅದನ್ನು ಗುಜರಿಗೆ ಹಾಕಬೇಕಿಲ್ಲ. ಉಚಿತವಾಗಿ ಸಿಗುವ ಉಬುಂಟು ಅಥವಾ ಲಿನಕ್ಸ್ ಮಿಂಟ್ ಅದರಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಗಡಿಯಾಚೆ ಕಾಸರಗೋಡಿನ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯುವುದೂ ಲಿನಕ್ಸ್‌ನಲ್ಲೇ. ಆದರೆ ಟ್ಯಾಲಿ ಕಲಿಯುವ ವಾಣಿಜ್ಯ ವಿದ್ಯಾರ್ಥಿಗೂ ಆಟೊಕ್ಯಾಡ್ ಬೇಕಾದ ಎಂಜಿನಿಯರಿಂಗ್ ವಿದ್ಯಾರ್ಥಿಗೂ ವಿಂಡೋಸ್ ಬೇಕಾದೀತು. ಯಾವ ತಂತ್ರಾಂಶ ಬೇಕೆಂದು ಮೊದಲು ಕಾಲೇಜಿನಲ್ಲಿ ಕೇಳಿ, ಆಮೇಲೆ ಅಂಗಡಿಗೆ ಹೋಗಿ.

ಕೊನೆಯದಾಗಿ, ಬಿಲ್ಲಿನಲ್ಲಿ "ಐ5 ಕಂಪ್ಯೂಟರ್" ಎಂದಷ್ಟೇ ಬರೆಸಬೇಡಿ. ಪ್ರೊಸೆಸರಿನ ಪೂರ್ತಿ ಸಂಖ್ಯೆ ಮತ್ತು ವಾರಂಟಿಯ ಅವಧಿ ಅದರಲ್ಲಿರಲಿ. ನಾಳೆ ತಕರಾರು ಬಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಚೀಟಿಯೊಂದೇ.