ಬುಡದ ಕಾಂಕ್ರೀಟ್ ಗಟ್ಟಿಯಿದ್ದರೆ ಹ್ಯಾಮ್ ರೇಡಿಯೋ ಟವರ್ ಬೀಳುವುದಿಲ್ಲವೇ?

ಹ್ಯಾಮ್ ರೇಡಿಯೋ ಹವ್ಯಾಸಿಗಳು ಆಂಟೆನಾಕ್ಕಾಗಿ ನಿಲ್ಲಿಸುವ ತೆಳುವಾದ ಟವರನ್ನು ಬುಡದ ಕಾಂಕ್ರೀಟೇ ಹಿಡಿದಿರುತ್ತದೆ, ಸುತ್ತಲಿನ ತಂತಿಗಳು ಹೆಚ್ಚುವರಿ ಭದ್ರತೆಗಷ್ಟೇ ಎಂದು ಹಲವರು ತಿಳಿದಿದ್ದಾರೆ. ಇದು ನಿಜವೇ? ನೋಡೋಣ.

ತಂತಿಗಳ ಕೆಲಸವೇನು?

ಇಂಥ ಟವರ್‌ನಲ್ಲಿ ಬುಡ ಮುಖ್ಯವಾಗಿ ಭಾರ ಹೊರುತ್ತದೆ. ಗಾಳಿಗೆ ವಾಲದಂತೆ ಹಿಡಿಯುವುದು ಗೈ ವೈರ್‌ಗಳು. ಕರೆಂಟ್ ಕಂಬಕ್ಕೆ ಓರೆಯಾಗಿ ಕಟ್ಟುವ ಸ್ಟೇ ವೈರ್ ಕೂಡ ಇದೇ ಕೆಲಸ ಮಾಡುತ್ತದೆ. ತಂತಿ ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ಎಲ್ಲ ದಿಕ್ಕಿನ ಗಾಳಿ ತಡೆಯಲು ಪ್ರತಿ ಹಂತದಲ್ಲೂ ಕನಿಷ್ಠ 3 ತಂತಿಗಳು, 120 ಡಿಗ್ರಿ ಅಂತರದಲ್ಲಿ ಬೇಕು.

ಜಾಗ ಉಳಿಸಲು ಲಂಗರನ್ನು ಬುಡದ ಹತ್ತಿರ ಹೂಳಬಾರದು. ತಂತಿ ಕಡಿದಾದಷ್ಟೂ ಅದರ ಎಳೆತ, ಟವರ್ ಮೇಲಿನ ಒತ್ತಡ ಎರಡೂ ಏರುತ್ತವೆ. ಸಾಮಾನ್ಯ ಲೆಕ್ಕ ಎತ್ತರದ ಶೇ. 80: ಅಂದರೆ 30 ಮೀಟರ್ ಟವರ್‌ಗೆ 24 ಮೀಟರ್ ದೂರ. ತಯಾರಕರ ನಕ್ಷೆ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

ಅಪಾಯ ಯಾವಾಗ?

ನಿಲ್ಲಿಸುವಾಗ ಮತ್ತು ಬಿಚ್ಚುವಾಗ. ತಾತ್ಕಾಲಿಕ ತಂತಿ ಕಟ್ಟದೆ ಹಳೆಯ ತಂತಿ ಬಿಚ್ಚಿದರೆ, ಮೇಲೆ ಹತ್ತಿದವರ ಸಮೇತ ಟವರ್ ಉರುಳಬಹುದು. ವಿದ್ಯುತ್ ಲೈನ್‌ನಿಂದ ಆಂಟೆನಾ ಸೇರಿದ ಒಟ್ಟು ಎತ್ತರದ ಕನಿಷ್ಠ ಒಂದೂವರೆ ಪಟ್ಟು ದೂರವಿರಿ. ಒಟ್ಟು ಎತ್ತರ 16 ಮೀಟರ್ ಇದ್ದರೆ 24 ಮೀಟರ್. ಕಡಿದ ಗೈ ವೈರ್ ಲೈನ್‌ಗೆ ತಾಗಿದರೂ ಪ್ರಾಣಾಪಾಯವೇ.

ನಮ್ಮ ತೀರ್ಮಾನ: ಈ ನಂಬಿಕೆ ತಪ್ಪು. ಬುಡದಷ್ಟೇ ತಂತಿಗಳೂ ಮುಖ್ಯ. ಟವರ್ ಹಾಕಿಸುವ ಗೆಳೆಯರಿದ್ದರೆ ಇದನ್ನು ಅವರಿಗೂ ಕಳುಹಿಸಿ.