ಡಿ ಡ್ರೈವ್‌ನಲ್ಲಿಟ್ಟರೆ ಅದು ಬ್ಯಾಕಪ್ ಅಲ್ಲ

ನಮ್ಮ ಅಬ್ಬಾ ಅವರದು ಟೈಲರಿಂಗ್ ಸಾಮಾನಿನ ಅಂಗಡಿ. ಲೈನಿಂಗ್ ಬಟ್ಟೆ, ಗುಂಡಿ, ಜಿಪ್, ನೂಲು. ರಂಜಾನ್ ತಿಂಗಳಲ್ಲಿ ಊರಿನ ದರ್ಜಿಗಳು ಉದ್ರಿಯಲ್ಲಿ ಸಾಮಾನು ಒಯ್ದು, ಹಬ್ಬ ಮುಗಿದ ಮೇಲೆ ಹಣ ಕೊಡುತ್ತಾರೆ. ಆ ಲೆಕ್ಕವನ್ನು ಅಬ್ಬಾ ಒಂದು ದಪ್ಪ ಪುಸ್ತಕದಲ್ಲಿ ಉರ್ದುವಿನಲ್ಲಿ ಬರೆಯುತ್ತಿದ್ದರು. ಕಾಮರ್ಸ್‌ಗೆ ಸೇರಿದ ಹುಮ್ಮಸ್ಸಿನಲ್ಲಿ ನಾನು ಆ ಪುಸ್ತಕ ಮುಚ್ಚಿಸಿ, ಎಲ್ಲವನ್ನೂ ಅಂಗಡಿಯ ಹಳೇ ಕಂಪ್ಯೂಟರಿನ ಟ್ಯಾಲಿಗೆ ಏರಿಸಿದೆ. "ಕೆಟ್ಟುಹೋದರೆ?" ಎಂದು ಅಬ್ಬಾ ಕೇಳಿದ್ದರು. "ಡಿ ಡ್ರೈವ್‌ನಲ್ಲಿ ಬ್ಯಾಕಪ್ ಇದೆ" ಎಂದಿದ್ದೆ.

ಕಳೆದ ರಂಜಾನಿನ ಇಪ್ಪತ್ತನೇ ರೋಜಾದ ದಿನ ಕಂಪ್ಯೂಟರ್ ಏಳಲಿಲ್ಲ. ಒಳಗಿಂದ ಟಕ್ ಟಕ್ ಸದ್ದು. ರಿಪೇರಿಯವರು ನೋಡಿ ಹಾರ್ಡ್ ಡಿಸ್ಕ್ ಹೋಗಿದೆ ಎಂದರು. ಸಿ ಹೋದರೂ ಡಿ ಇರುತ್ತದಲ್ಲ ಎಂದು ನಾನು ವಾದಿಸಿದೆ. ಅವರು ನಕ್ಕುಬಿಟ್ಟರು. ನಮ್ಮ ಕಂಪ್ಯೂಟರಿನಲ್ಲಿದ್ದದ್ದು ಒಂದೇ ಡಿಸ್ಕ್. ಸಿ, ಡಿ ಅನ್ನುವುದು ಅದರ ನಡುವೆ ಎಳೆದ ಗೆರೆ, ಅಷ್ಟೇ. ವಿಂಡೋಸ್ ಕೆಟ್ಟು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತದೆ, ನಿಜ. ಡಿಸ್ಕೇ ಸತ್ತರೆ ಎರಡೂ ಒಟ್ಟಿಗೆ ಹೋಗುತ್ತವೆ. ಡೇಟಾ ತೆಗೆಸಲು 15,000 ರೂಪಾಯಿ ಕೇಳಿದರು, ಸಿಗುತ್ತದೆ ಎಂಬ ಖಾತ್ರಿಯೂ ಇರಲಿಲ್ಲ.

ಖರೀದಿ ಲೆಕ್ಕ ಹೇಗೋ ಸಿಕ್ಕಿತು. ಸಗಟು ವ್ಯಾಪಾರಿಗಳ ಬಿಲ್ಲುಗಳಿದ್ದವು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಲ್ಲಿಸಿದ ರಿಟರ್ನ್‌ಗಳಿದ್ದವು. ಉದ್ರಿ ಮಾತ್ರ ಎಲ್ಲೂ ಇರಲಿಲ್ಲ. ಕಾರ್ಬನ್ ಹಾಳೆಯ ಬಿಲ್ ಬುಕ್ಕನ್ನೂ ನಿಲ್ಲಿಸಿದ್ದವನು ನಾನೇ. ಅಬ್ಬಾ ತರಾವೀಹ್ ಮುಗಿಸಿ ಬಂದು ಒಬ್ಬೊಬ್ಬ ದರ್ಜಿಗೂ ಫೋನ್ ಮಾಡಿ, "ನಿಮ್ಮದು ಎಷ್ಟಿತ್ತು ಭಾಯ್?" ಎಂದು ಕೇಳಬೇಕಾಯಿತು. ಹೆಚ್ಚಿನವರು ಸರಿಯಾಗಿ ಹೇಳಿದರು. ಒಬ್ಬ ವಯಸ್ಸಾದ ಚಾಚಾ ಅಬ್ಬಾಗೆ ನೆನಪಿದ್ದದ್ದಕ್ಕಿಂತ ಜಾಸ್ತಿಯೇ ಹೇಳಿದರು. ಇಬ್ಬರು, "ಲೆಕ್ಕ ನಿಮ್ಮ ಹತ್ತಿರ ಇರಬೇಕಲ್ಲ, ನೀವೇ ಹೇಳಿ" ಎಂದರು. ಅಬ್ಬಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾವು ತರಗತಿಯಲ್ಲಿ ಜರ್ನಲ್, ಲೆಡ್ಜರ್, ತಾಳೆಪಟ್ಟಿ ಕಲಿಯುತ್ತೇವೆ. ಲ್ಯಾಬ್‌ನಲ್ಲಿ ವೋಚರ್ ಎಂಟ್ರಿ ಮಾಡುತ್ತೇವೆ. ಆ ಲೆಕ್ಕ ಇರುವ ಯಂತ್ರ ನಾಳೆ ಸತ್ತರೆ ಏನು ಮಾಡಬೇಕು ಎಂದು ನಮಗೆ ಯಾರೂ ಕೇಳಿಲ್ಲ, ನಾವೂ ಕೇಳಿಲ್ಲ. ಇದು ಕಂಪ್ಯೂಟರ್ ಸೈನ್ಸ್‌ನವರ ಕೆಲಸ ಎಂದು ಬಿಟ್ಟುಬಿಡುವುದು ತಪ್ಪು ಎಂಬುದು ನನ್ನ ಅಭಿಪ್ರಾಯ.

ಬರೀ ಫೈಲ್ ನಕಲು ಮಾಡಿದರೂ ಸಾಲದು. ಹೊಸ ಡಿಸ್ಕ್ ಹಾಕಿದ ಮೇಲೆ ವಿಂಡೋಸ್, ಟ್ಯಾಲಿ, ಪ್ರಿಂಟರ್ ಡ್ರೈವರ್, ನುಡಿ ಎಲ್ಲವನ್ನೂ ಮತ್ತೆ ಕೂರಿಸಲು ನಮಗೆ ನಾಲ್ಕು ದಿನ ಹಿಡಿಯಿತು, ಅದೂ ಹಬ್ಬದ ವ್ಯಾಪಾರದ ನಡುವೆ. ಇದಕ್ಕೆ ಬೇಕಾದದ್ದು ಸಿಸ್ಟಮ್ ಇಮೇಜ್, ಅಂದರೆ ವಿಂಡೋಸ್ ಮತ್ತು ಪ್ರೋಗ್ರಾಮ್‌ಗಳ ಸಮೇತ ಇಡೀ ಡಿಸ್ಕಿನ ನಕಲು. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಬ್ಯಾಕಪ್ ಅಂಡ್ ರಿಸ್ಟೋರ್ (ವಿಂಡೋಸ್ 7)' ಎಂದಿರುತ್ತದೆ. ಹೆಸರು ನೋಡಿ ಹೆದರಬೇಡಿ, ವಿಂಡೋಸ್ 10, 11ರಲ್ಲೂ ಅದೇ ಹೆಸರು. ಅಲ್ಲಿ 'ಕ್ರಿಯೇಟ್ ಎ ಸಿಸ್ಟಮ್ ಇಮೇಜ್' ಒತ್ತಿ, ಹೊರಗಿನ ಹಾರ್ಡ್ ಡಿಸ್ಕ್ ತೋರಿಸಿದರೆ ಆಯಿತು. ಯಂತ್ರ ಏಳದಿದ್ದಾಗ ಎಬ್ಬಿಸಲು 32 ಜಿಬಿಯ ಪೆನ್‌ಡ್ರೈವ್‌ನಲ್ಲಿ ರಿಕವರಿ ಡ್ರೈವ್ ಬೇರೆ ಮಾಡಿಟ್ಟುಕೊಳ್ಳಬೇಕು. ಇಮೇಜ್ ಹಾಕಿದಾಗ ಡಿಸ್ಕಿನಲ್ಲಿರುವುದೆಲ್ಲ ಅಳಿಸಿ ಆ ಹಳೇ ದಿನಕ್ಕೆ ಹೋಗುತ್ತದೆ. ಆದ್ದರಿಂದ ಟ್ಯಾಲಿ ಡೇಟಾದ ಬ್ಯಾಕಪ್ ಪ್ರತ್ಯೇಕವಾಗಿ, ಪದೇ ಪದೇ ಆಗುತ್ತಿರಬೇಕು.

ಕೆಲಸ ಮುಗಿದ ಕೂಡಲೇ ಆ ಡಿಸ್ಕಿನ ವೈರ್ ಕಿತ್ತಿಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈನಂಥ ವೈರಸ್ಸುಗಳು ಕಂಪ್ಯೂಟರಿಗೆ ಸಿಕ್ಕಿಸಿರುವ ಡಿಸ್ಕುಗಳ ಫೈಲುಗಳಿಗೂ ಬೀಗ ಹಾಕುತ್ತವೆ. ಗೂಗಲ್ ಡ್ರೈವ್ ಇದೆಯಲ್ಲ ಎಂದು ಗೆಳೆಯರು ಕೇಳುತ್ತಾರೆ. ಟ್ಯಾಲಿ ಫೈಲಿಗೆ ಒಳ್ಳೆಯದೇ. ಇಡೀ ಡಿಸ್ಕಿನ ಇಮೇಜ್ ಅದರ 15 ಜಿಬಿ ಉಚಿತ ಜಾಗದಲ್ಲಿ ಹಿಡಿಯುವುದಿಲ್ಲ.

ಇನ್ನೊಂದು ವಿಷಯ. ತೆಗೆದ ಬ್ಯಾಕಪ್ಪನ್ನು ಒಮ್ಮೆಯಾದರೂ ವಾಪಸ್ ಹಾಕಿ ನೋಡಬೇಕು. 1998ರಲ್ಲಿ ಪಿಕ್ಸಾರ್ ಕಂಪನಿಯಲ್ಲಿ 'ಟಾಯ್ ಸ್ಟೋರಿ 2' ತಯಾರಾಗುತ್ತಿದ್ದಾಗ ಒಂದು ತಪ್ಪು ಕಮಾಂಡ್‌ನಿಂದ ಸಿನಿಮಾದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ ಇತ್ತು, ಆದರೆ ಅದು ಸರಿಯಾಗಿ ಆಗುತ್ತಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗೇಲಿನ್ ಸಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಸಿನಿಮಾ ಉಳಿದದ್ದು ಅದರಿಂದ. ಅಷ್ಟು ದೊಡ್ಡ ಕಂಪನಿಯ ಗತಿಯೇ ಹೀಗಾದರೆ ನಮ್ಮ ಗುಂಡಿ ಅಂಗಡಿಯದೇನು!

ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನ ಎಂದು ಆಚರಿಸುತ್ತಾರೆ. ನಮ್ಮ ದೇಶದಲ್ಲಿ ಆರ್ಥಿಕ ವರ್ಷ ಮುಗಿಯುವುದೂ ಅಂದೇ. ಆದರೆ ಅಷ್ಟು ಹೊತ್ತಿಗೆ ನಮ್ಮ ಪರೀಕ್ಷೆ ಮುಗಿದು ಕಾಲೇಜು ಖಾಲಿಯಾಗಿರುತ್ತದೆ. ಅದಕ್ಕೂ ಮೊದಲೇ, ಜನವರಿಯಲ್ಲಿ, ಲ್ಯಾಬ್‌ನ ಒಂದು ಪೀರಿಯಡ್ ಇದಕ್ಕೆ ಕೊಡಿ ಎಂದು ನಮ್ಮ ಉಪನ್ಯಾಸಕರನ್ನು ಕೇಳಿಕೊಳ್ಳುತ್ತೇನೆ. ಪ್ರತಿಯೊಬ್ಬರೂ ಒಂದು ಟ್ಯಾಲಿ ಕಂಪನಿಯನ್ನು ಬ್ಯಾಕಪ್ ತೆಗೆದು, ಅಳಿಸಿ, ಮತ್ತೆ ರಿಸ್ಟೋರ್ ಮಾಡಲಿ. ಲ್ಯಾಬ್‌ನ ಕಂಪ್ಯೂಟರುಗಳ ಸಿಸ್ಟಮ್ ಇಮೇಜ್ ಇದೆಯೋ ಇಲ್ಲವೋ ನನಗೆ ತಿಳಿಯದು. ಇಲ್ಲದಿದ್ದರೆ ಕಾಲೇಜು ಒಂದು ಡಿಸ್ಕ್ ಕೊಡಿಸಲಿ, ಶನಿವಾರ ಮಧ್ಯಾಹ್ನ ಕೂತು ಮಾಡಿಕೊಡಲು ನಾನು ತಯಾರು.

ನಮ್ಮ ಅಂಗಡಿಯ ಡಿಸ್ಕ್ ಈಗ ಮನೆಯಲ್ಲಿ ಅಮ್ಮಿಯ ಬೀರುವಿನಲ್ಲಿರುತ್ತದೆ. ಪ್ರತಿ ಶುಕ್ರವಾರ ಜುಮಾ ನಮಾಜಿಗೆ ಅಂಗಡಿ ಮುಚ್ಚುವ ಮುಂಚೆ ಬ್ಯಾಕಪ್ ಆಗುತ್ತದೆ. ಅಬ್ಬಾ ಮಾತ್ರ ಆ ದಪ್ಪ ಪುಸ್ತಕವನ್ನು ಮತ್ತೆ ತೆರೆದಿದ್ದಾರೆ. ನಾನು ಬೇಡ ಅನ್ನಲಿಲ್ಲ.