ಫ್ರೀ ಸುದ್ದಿಗೆ ದುಡ್ಡು ಕೊಟ್ಟೋರು ಯಾರು?

"ಸುದ್ದಿಗೆ ಯಾಕ್ರೀ ದುಡ್ಡು ಕೊಡ್ಬೇಕು, ಫ್ರೀಯಾಗಿ ಸಿಗುತ್ತಲ್ಲ?" ಅನ್ನೋ ಗೆಳೆಯರಿಗೆ ನನ್ನದೊಂದು ಮರುಪ್ರಶ್ನೆ. ನಮ್ಮ ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿ ಬಗ್ಗೆ ನೀವು ಫ್ರೀಯಾಗಿ ಓದಿದ ಕೊನೆಯ ಸುದ್ದಿ ಯಾವುದು? ನಾಯಕರೊಬ್ಬರ ಹುಟ್ಟುಹಬ್ಬದ ಶುಭಾಶಯ, ಒಂದು ಅಪಘಾತ, ಒಂದು ಗುದ್ದಲಿಪೂಜೆ ಫೋಟೋ. ಅಷ್ಟೇ ತಾನೆ? ಪೂಜೆ ಆದ ರಸ್ತೆ ಮುಗೀತಾ, ಬಿಲ್ ಎಷ್ಟಾಯ್ತು ಅಂತ ಯಾರು ಬರೆದ್ರು?

ದೊಡ್ಡ ಚಾನೆಲ್‌ಗಳಿಗೆ ನಮ್ಮ ಕಡೆ ದಾರಿ ಗೊತ್ತಿಲ್ಲ ಅಂತಲ್ಲ. 2019ರ ಲೋಕಸಭಾ ಚುನಾವಣೆ ಟೈಮಲ್ಲಿ ಮಂಡ್ಯದಲ್ಲೇ ಠಿಕಾಣಿ ಹೂಡಿದ್ರು. 2024ರ ಸೆಪ್ಟೆಂಬರ್‌ನಲ್ಲಿ ಗಣೇಶನ ಮೆರವಣಿಗೆ ವೇಳೆ ಗಲಭೆಯಾಗಿ ನಾಗಮಂಗಲದ ಅಂಗಡಿಗಳು ಸುಟ್ಟಾಗ ಮತ್ತೆ ಬಂದ್ರು. ಬೆಂಕಿ ಆರಿತು, ಕ್ಯಾಮೆರಾ ಹೋಯ್ತು. ಹೇಮಾವತಿ ನಾಲೆ ನೀರು ಕೆರೆಗೆ ಬಂತಾ ಅನ್ನೋ ಪ್ರಶ್ನೆಗೆ ಹೊಗೆ ಏಳಲ್ಲ, ಹಾಗಾಗಿ ಅದು ಸುದ್ದಿಯಲ್ಲ.

ತಾಲ್ಲೂಕು ವರದಿಗಾರರನ್ನು ಬೈಯೋದು ಸುಲಭ. ಅವರಲ್ಲಿ ಬಹಳ ಜನಕ್ಕೆ ಸರಿಯಾದ ಸಂಬಳವೇ ಇಲ್ಲ, ಜಾಹೀರಾತು ತಂದ್ರೆ ಕಮಿಷನ್. ದಸರಾಕ್ಕೆ ಯಾವ ಕಂಟ್ರಾಕ್ಟರ್ ಹತ್ರ ಶುಭಾಶಯದ ಜಾಹೀರಾತು ಕೇಳಬೇಕೋ, ಅದೇ ಕಂಟ್ರಾಕ್ಟರ್ ಹಾಕಿದ ಕಳಪೆ ಡಾಂಬರಿನ ಬಗ್ಗೆ ಹೇಗೆ ಬರೀತಾರೆ? ಫ್ರೀ ಸುದ್ದಿಗೂ ದುಡ್ಡು ಕೊಟ್ಟೋನು ಒಬ್ಬ ಇದ್ದೇ ಇರ್ತಾನೆ. ಅದು ನೀವಲ್ಲ, ಅಷ್ಟೆ.

ಓದುಗರ ದುಡ್ಡಲ್ಲಿ ಪತ್ರಿಕೆ ನಡೆಸೋದು ಕನ್ನಡಕ್ಕೆ ಹೊಸದಲ್ಲ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ಇಲ್ಲದೆ, ಓದುಗ ಕೊಟ್ಟ ಕಾಸಿನಲ್ಲೇ ನಡೀತು. ಒಡೆಯ, ಸಂಪಾದಕ, ಬರಹಗಾರ ಒಬ್ಬರೇ ಆಗಿದ್ರಿಂದ ಮುಖ್ಯಮಂತ್ರಿ ಗುಂಡೂರಾಯರನ್ನೂ ಬಿಡಲಿಲ್ಲ. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದ ಷೇರು ಹಣ ಸೇರಿಸಿ ಮಂಗಳೂರಲ್ಲಿ 'ಮುಂಗಾರು' ದಿನಪತ್ರಿಕೆ ಕಟ್ಟಿದ್ರು. "ಅದು ಮುಚ್ಚೋಯ್ತಲ್ಲ" ಅಂತೀರಾ? ಹೌದು. ಆದ್ರೆ ದಿನಪತ್ರಿಕೆಗೆ ಅಚ್ಚಿನ ಯಂತ್ರ, ಕಾಗದ, ಬೆಳಗಿನ ಜಾವ ಊರೂರಿಗೆ ಹೋಗೋ ಗಾಡಿ ಎಲ್ಲ ಬೇಕು. ವೆಬ್‌ಸೈಟಿಗೆ ಇವ್ಯಾವೂ ಬೇಡ. ನನ್ನ ಕಸುಬೇ ಸಾಫ್ಟ್‌ವೇರ್, ಧೈರ್ಯವಾಗಿ ಹೇಳ್ತೀನಿ: ಸರ್ವರ್ ಖರ್ಚು ದೊಡ್ಡದಲ್ಲ, ಊರೂರು ತಿರುಗಿ ಬರೆಯೋರ ಸಂಬಳವೇ ದೊಡ್ಡದು.

ಲೆಕ್ಕ ಹಾಕಿ. ತಿಂಗಳಿಗೆ ₹50ರಂತೆ ಸಾವಿರ ಜನ ಕೊಟ್ರೆ ₹50,000. ಇಬ್ಬರು ವರದಿಗಾರರು, ಅವರ ಗಾಡಿಗೆ ಪೆಟ್ರೋಲು, ₹10 ಶುಲ್ಕದ ಮಾಹಿತಿ ಹಕ್ಕು ಅರ್ಜಿಗಳು, ಶುರು ಮಾಡೋಕೆ ಇಷ್ಟು ಸಾಕು. ನಮ್ಮ ಕಡೆಯಿಂದ ಬೆಂಗಳೂರು, ಮೈಸೂರು ಸೇರಿಕೊಂಡು ಸಿನಿಮಾ ಆಪ್‌ಗಳಿಗೆ ತಿಂಗಳು ತಿಂಗಳು ದುಡ್ಡು ಕಟ್ಟೋರಲ್ಲೇ ಸಾವಿರ ಜನ ಸಿಗಲ್ವಾ?

ಒಡೆತನ ಮಾತ್ರ ಬರೆಯೋರ ಕೈಲೇ ಇರಬೇಕು. ಓದುಗರ ದುಡ್ಡಲ್ಲಿ ಬೆಳೆಸಿ, ನಾಳೆ ಯಾವನೋ ಕ್ರಷರ್ ಮಾಲೀಕನಿಗೆ ಮಾರೋ ಹಾಗಿರಬಾರದು. ಹಾಗೇ ₹50 ಕೊಟ್ಟೆ ಅಂತ ಓದುಗನೂ "ನಮ್ಮ ಜಾತಿಯೋನ ಮೇಲೆ ಬರೀಬೇಡ, ನಮ್ಮ ಪಕ್ಷದ ತಂಟೆಗೆ ಬರಬೇಡ" ಅನ್ನಂಗಿಲ್ಲ.

ಮಂಡ್ಯದೋರಾದ ನಮಗೆ ಕಷ್ಟ ಆಗೋದು ಇದೇ, ದುಡ್ಡಲ್ಲ. ಪಂಚಾಯ್ತಿ ಅಧ್ಯಕ್ಷ ನಿಮ್ಮ ನೆಂಟನೇ ಆಗಿದ್ರೂ, ಅವನ ವಿರುದ್ಧ ದಾಖಲೆ ಇಟ್ಟು ಬರೆದ ವರದಿ ಓದಿ ಮುಂದಿನ ತಿಂಗಳೂ ₹50 ಕಳಿಸೋಕೆ ತಯಾರಿದ್ದೀರಾ? ಆಗಲ್ಲ ಅನ್ನೋದಾದ್ರೆ, "ಮೀಡಿಯಾದೋರು ಮಾರ್ಕೊಂಡಿದ್ದಾರೆ" ಅನ್ನೋ ಮಾತನ್ನ ಅರಳಿಕಟ್ಟೆ ಮೇಲೆ ಕೂತು ಇನ್ಮೇಲೆ ಆಡಬೇಡಿ.